ಬೀಗರ ಬಿಳಿ, ನನ್ನ ಹಸಿರು

ಹೊಟ್ಟೆಕಿಚ್ಚು ಅಂದರೇನೆಂದೇ ಅರಿಯದ ಮನುಷ್ಯರು ಕೆಲವರಿದ್ದಾರಂತೆ. ಅಂಥವರನ್ನು ಕಂಡರೆ ನನಗೆ ವಿಪರೀತ ಹೊಟ್ಟೆಕಿಚ್ಚಾಗುತ್ತದೆ. ನಾನು ಆ ಪೈಕಿಯವನಲ್ಲ. ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಓಣಿಯಲ್ಲಿ ಎದುರು ಮನೆಯವರ ನಲ್ಲಿಗೆ ನಮಗಿಂತ ಐದು ನಿಮಿಷ ಮೊದಲು ನೀರು ಬಂದರೂ ಅವತ್ತು ನನಗೆ ಚಹಾ ರುಚಿಸುವುದಿಲ್ಲ. ಕಾಲೇಜಿನ ಕಚೇರಿಯಲ್ಲಿ ಆಯುಷ್ಯವೆಲ್ಲ ಗುಮಾಸ್ತಿಕೆ ಮಾಡಿ ನಿವೃತ್ತನಾದ ದಿನ ನನ್ನ ಕೊರಳಿಗೆ ಬಿದ್ದ ಹಾರಕ್ಕಿಂತ, ನನ್ನ ಜೊತೆಗೇ ನಿವೃತ್ತನಾದ ಜವಾನನ ಹಾರ ದಪ್ಪಗಿತ್ತು ಎಂಬುದನ್ನು ನಾನಿನ್ನೂ ಮರೆತಿಲ್ಲ. ಆದರೆ ಇವೆಲ್ಲ ಸಣ್ಣಪುಟ್ಟ ಕಿಚ್ಚುಗಳು, ಒಂದು ನಿದ್ದೆ ಮಾಡಿ ಎದ್ದರೆ ಆರುತ್ತವೆ. ಬೀಗರ ಮೇಲೆ ಹೊಟ್ಟೆಕಿಚ್ಚು ಹುಟ್ಟಿದರೆ ಮಾತ್ರ ಬಹಳ ಕಷ್ಟ. ಓಣಿಯವರ ಮೇಲಾದರೆ ಮುಖ ತಿರುಗಿಸಿಕೊಂಡು ಹೋಗಬಹುದು. ಬೀಗರ ಮೇಲಾದರೆ ನಗಬೇಕು, ‘ಬರ್ರಿ ಬೀಗರ’ ಎಂದು ಎದ್ದು ನಿಲ್ಲಬೇಕು, ಬೇಡವೆಂದರೂ ಬಿಡದೆ ಇನ್ನೊಂದು ಹೋಳಿಗೆ ಬಡಿಸಬೇಕು. ಅದೂ ನಾನು ಹೆಣ್ಣು ಕೊಟ್ಟವನು.

ನಮ್ಮ ಒಬ್ಬಳೇ ಮಗಳು ಸವಿತಾಳನ್ನು ಸತ್ತೂರಿಗೆ ಕೊಟ್ಟಿದ್ದೇವೆ. ಅವಳ ಮಾವ ಶಿವಲಿಂಗಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮೆಲುಮಾತು, ಮುತ್ತು ಪೋಣಿಸಿದಂಥ ಅಕ್ಷರ, ಧೋತರದ ನೆರಿಗೆ ಸಹ ಅಡಿಪಟ್ಟಿ ಇಟ್ಟು ಮಡಿಸಿದಂತೆ. ಇಷ್ಟನ್ನು ನಾನು ಸಹಿಸಿಕೊಂಡಿದ್ದೆ. ಆದರೆ ನಿವೃತ್ತಿಯ ನಂತರ ಅವರು ಮನೆಯಲ್ಲೇ ಅಣಬೆ ಬೆಳೆಯತೊಡಗಿದರು. ಅಣಬೆ ಸಾಲದೆಂದು ಅಣಬೆಯ ಬೀಜವನ್ನೂ ತಾವೇ ಮಾಡತೊಡಗಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಣಬೆಗೆ ಜೋಳ ಗೋದಿಗಳ ಹಾಗೆ ಬೀಜವಿರುವುದಿಲ್ಲ. ಬೇಯಿಸಿದ ಜೋಳದ ಮೇಲೆ ಅಣಬೆಯ ಬಿಳಿ ಎಳೆಗಳನ್ನು ಹಬ್ಬಿಸುತ್ತಾರೆ, ಹಾಗೆ ಹಬ್ಬಿದ ಜೋಳವನ್ನೇ ಬೀಜ ಎನ್ನುತ್ತಾರೆ. ಒಂದು ಬಾಟಲಿ ಚೆನ್ನಾಗಿ ಹಬ್ಬಿತೆಂದರೆ ಅದು ತಾಯಿಬೀಜ. ಅದರಿಂದ ಚಮಚೆ ಚಮಚೆ ತೆಗೆದು, ಹೊಸದಾಗಿ ಬೇಯಿಸಿಟ್ಟ ಜೋಳದ ಪಾಕೀಟುಗಳಿಗೆ ಹಾಕಿದರೆ ಒಂದು ಹತ್ತಾಗುತ್ತದೆ. ಹಾಲಿಗೆ ಹೆಪ್ಪು ಹಾಕುವ ಹಾಗೆಯೇ ಅನ್ನಿ. ಮೊಸರು ಕೆಟ್ಟರೆ ಹುಳಿಯಾಗುತ್ತದೆ, ಇದು ಕೆಟ್ಟರೆ ಹಸಿರಾಗುತ್ತದೆ. ಗಾಳಿಯಲ್ಲಿರುವ ಬೂಷ್ಟು ಒಂದು ಚೂರು ಒಳಗೆ ಹೊಕ್ಕರೂ ಸಾಕು, ಹತ್ತು ದಿನದೊಳಗೆ ಜೋಳವೆಲ್ಲ ಹಸಿರು ಹಸಿರು. ಮಾಸ್ತರರ ಮನೆಯ ಅಲಮಾರಿಯಲ್ಲಿ ಸಾಲಾಗಿ ನಿಂತ ಬಾಟಲಿಗಳನ್ನು ಮೊದಲ ಸಲ ನೋಡಿದಾಗ, ಅರಳೆ ತುಂಬಿದಂತೆ ಬೆಳ್ಳಗಿದ್ದ ಅವುಗಳ ಮೇಲೆ ಆ ಮುತ್ತಿನ ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿಗಳನ್ನು ಕಂಡಾಗ, ನನ್ನ ಎದೆಯಲ್ಲಿ ಏನೋ ಚುರ್ ಎಂದಿತು. ಬಾಯಲ್ಲಿ ಮಾತ್ರ ‘ಭಾಳ ಛಲೋ ಆಗ್ಯಾವ್ರಿ ಬೀಗರ’ ಎಂದೆ.

ನನ್ನ ಸಂಕಟಕ್ಕೆ ಒಂದು ಕಾರಣವಿದೆ. ಜೋಳ ನಮ್ಮ ಮನೆತನದ ಸ್ವತ್ತು. ನಮ್ಮೂರು ಶಿರಗುಪ್ಪಿ, ನಮ್ಮಪ್ಪನದು ಹುಬ್ಬಳ್ಳಿ ಪೇಟೆಯಲ್ಲಿ ಕಾಳಿನ ದಲಾಲಿ ಅಂಗಡಿ. ಊರಿನ ಅರ್ಧ ಜನ ಬಿತ್ತುವ ಕಾಳಿಗೆ ನಮ್ಮಪ್ಪನ ಹತ್ತಿರವೇ ಬರುತ್ತಿದ್ದರು. ಅಪ್ಪ ಚೀಲಕ್ಕೆ ಕೈಹಾಕಿ ಒಂದು ಹಿಡಿ ಜೋಳ ತೆಗೆದು ಅಂಗೈ ಮೇಲೆ ಹರವಿ, ‘ಉಫ್’ ಎಂದು ಊದಿ ಹೊಟ್ಟು ಹಾರಿಸಿ, ಒಂದು ಕಾಳು ಕಟಕ್ಕೆಂದು ಕಡಿದು, ಉಳಿದದ್ದನ್ನು ಒಂದು ಕಾಳೂ ಚೆಲ್ಲದಂತೆ ಚೀಲಕ್ಕೆ ಮರಳಿ ಸುರಿದು, ಈ ಮಾಲು ಯಾವ ಹೊಲದ್ದು, ಎಷ್ಟು ದಿನ ಕಣದಲ್ಲಿತ್ತು ಎಂದು ಹೇಳಿಬಿಡುತ್ತಿದ್ದರು. ನಾನು ನಡೆಯಲು ಕಲಿತದ್ದೇ ಆ ಚೀಲಗಳನ್ನು ಹಿಡಿದುಕೊಂಡು. ಓದು ತಲೆಗೆ ಹತ್ತಲಿಲ್ಲ, ವ್ಯಾಪಾರವೂ ಕೈಹಿಡಿಯಲಿಲ್ಲ, ಆದರೆ ಜೋಳ ನೋಡುವ ಕಣ್ಣು ಮಾತ್ರ ಅಪ್ಪನಿಂದ ನನಗೆ ಬಂತು. ಅಂಥ ನನ್ನ ಮುಂದೆ, ರೊಟ್ಟಿಯ ರೂಪದಲ್ಲಲ್ಲದೆ ಜೋಳವನ್ನು ಕಂಡೇ ಇರದ ಮಾಸ್ತರರೊಬ್ಬರು ಜೋಳದ ಬಾಟಲಿ ಜೋಡಿಸಿ ನಿಲ್ಲುವುದೆಂದರೆ ಏನು?

ಶ್ರಾವಣದ ಆರಂಭದಲ್ಲಿ ಶಿರಗುಪ್ಪಿಯಲ್ಲಿ ನನ್ನ ಕಾಕಾನ ಮಗನ ಹೊಸ ಮನೆಯ ಗೃಹಪ್ರವೇಶವಿತ್ತು. ಬೀಗರೂ ಬಂದಿದ್ದರು. ಊಟವಾದ ಮೇಲೆ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತಾಗ, ಊರಿನ ಹೆಣ್ಣುಮಕ್ಕಳ ಸಂಘದ ಗಂಗವ್ವ ಬಂದಳು. ಸಂಘದವರು ಅಣಬೆ ಬೆಳೆಯುವ ತರಬೇತಿ ಮುಗಿಸಿದ್ದಾರೆ, ಹುಲ್ಲಿದೆ, ಕೋಣೆಯಿದೆ, ಬೀಜವನ್ನು ಮಾತ್ರ ದೂರದಿಂದ ತರಿಸಬೇಕು, ಅದು ದಾರಿಯಲ್ಲೇ ಕೆಟ್ಟುಹೋಗುತ್ತದೆ ಎಂದು ಹೇಳಿಕೊಂಡಳು. ಮಾಸ್ತರರು ಗಂಟಲು ಸರಿಪಡಿಸಿಕೊಂಡು, “ಅದಕ್ಕೇನವ್ವಾ, ನಮ್ಮ ಸತ್ತೂರಾಗ ನಾನು...” ಎಂದು ಶುರುಮಾಡಿದರು. ನಮ್ಮೂರಿನವರು ಬೀಜಕ್ಕೆ ಸತ್ತೂರಿಗೆ ಹೋಗುವುದೇ? ನಮ್ಮಪ್ಪನ ಅಂಗಡಿಯಿಂದ ಬಿತ್ತುವ ಕಾಳು ಒಯ್ದ ಊರು! ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. “ದಸರಾದೊಳಗ ಹತ್ತು ಪಾಕೀಟು ನಾ ಮಾಡಿ ಕೊಡ್ತೇನಿ ಗಂಗವ್ವ” ಎಂದೆ. ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ ಅಣ್ಣಾರ, ಮಾಸ್ತರ ಕಡೆ ತರ್ತೇವಿ. ಹನ್ನೆರಡು ಮಂದಿ ಹೆಣ್ಣಮಕ್ಕಳು ಬಾಯಿ ತಕ್ಕೊಂಡು ಕುಂತೇವಿ” ಎಂದಳು. ಇಷ್ಟಾದ ಮೇಲೆ ಹಿಂದೆ ಸರಿಯುವ ಮಾತೆಲ್ಲಿ?

ಬೀಜ ಮಾಡಲು ತಾಯಿಬೀಜ ಬೇಕಲ್ಲ. ಅದು ಇರುವುದು ಬೀಗರ ಅಲಮಾರಿಯಲ್ಲಿ. ಅವರು ಮುಖ ಕೆಡಿಸಿಕೊಳ್ಳದೆ ಒಂದು ಬಾಟಲಿ ಕೊಟ್ಟರು. ನಾನು ಅದನ್ನು ಎಳೆಗೂಸಿನಂತೆ ಮಡಿಲಲ್ಲಿಟ್ಟುಕೊಂಡು ನಮ್ಮ ಕಡೆಯ ‘ಚಿಗರಿ’ ಸಿಟಿ ಬಸ್ಸಿನಲ್ಲಿ ತಂದೆ. ಋಣ ಉಳಿಸಿಕೊಳ್ಳುವ ಮನುಷ್ಯ ನಾನಲ್ಲ. ಪ್ರತಿಯಾಗಿ, ಇನ್ನು ಮುಂದೆ ಅವರಿಗೆ ಬೇಕಾದ ಜೋಳವನ್ನು ನಾನೇ ಆರಿಸಿ ಕೊಡಿಸುವೆನೆಂದು ಮಾತು ಕೊಟ್ಟೆ. ನಿಜ ಹೇಳಬೇಕೆಂದರೆ, ಅವರಿಗೆ ಗೊತ್ತಿಲ್ಲದ್ದು ನನಗೊಂದು ಗೊತ್ತಿದೆ ಎಂದು ತೋರಿಸುವ ಆಸೆ. ಅವರನ್ನು ಪೇಟೆಗೆ ಕರೆದೊಯ್ದು, “ಹಿಂಗ ಅಂಗೈ ಮ್ಯಾಲೆ ಹರವ್ರಿ ಬೀಗರ. ಹಿಂಗ ಊದ್ರಿ. ಒಂದು ಕಾಳ ಕಡೀರಿ. ಕಟ್ ಅನ್ನಬೇಕು” ಎಂದು ಕಲಿಸಿದೆ. ಅವರು ಜೇಬಿನಿಂದ ಪುಟ್ಟ ವಹಿ ತೆಗೆದು ಅದನ್ನೆಲ್ಲ ಬರೆದುಕೊಂಡರು. ಆಯುಷ್ಯವೆಲ್ಲ ಕಲಿಸಿದ ಮಾಸ್ತರರು ನನ್ನ ಮುಂದೆ ಬರೆದುಕೊಳ್ಳುತ್ತ ನಿಂತ ಆ ಐದು ನಿಮಿಷ ನನಗೆ ಸ್ವರ್ಗವಾಗಿತ್ತು.

ಮನೆಗೆ ಬಂದು ನಾನು ಮಾಡಿದ ಸಿದ್ಧತೆ ಕೇಳಿ. ಹಿಂಗಾರಿ ಬಿಳಿಜೋಳವನ್ನು ತೊಳೆದು, ನೆನೆಹಾಕಿ, ಕುದಿಸಿದೆ. ಕಾಳು ಮೆತ್ತಗಾಗಬೇಕು, ಒಡೆಯಬಾರದು. ಮೊದಲ ಗಡಿಗೆಯ ಜೋಳ ಒಡೆದು ಅರಳಿತು. ಹೆಂಡತಿ ಗಿರಿಜಾ ಅದಕ್ಕೆ ಒಗ್ಗರಣೆ ಕೊಟ್ಟು, “ಗುಗ್ಗರಿ ಭಾಳ ಛಲೋ ಆಗೇತ್ರಿ, ದಿನಾ ಅಣಬಿ ಮಾಡ್ರಿ” ಎಂದು ಓಣಿಗೆಲ್ಲ ಹಂಚಿದಳು. ಎರಡನೆಯ ಗಡಿಗೆ ಸರಿಯಾಯಿತು. ಅದನ್ನು ಧೋತರದ ಮೇಲೆ ಹರವಿ ಆರಿಸಿ, ಹಿಡಿಯಷ್ಟು ಸುಣ್ಣದ ಪುಡಿ ಬೆರೆಸಿ, ಪ್ಲಾಸ್ಟಿಕ್ ಪಾಕೀಟುಗಳಿಗೆ ತುಂಬಿ, ಬಾಯಿಗೆ ಅರಳೆಯ ಬಿರಡೆ ಇಟ್ಟು, ದೊಡ್ಡ ಕುಕ್ಕರಿನಲ್ಲಿ ಎರಡು ತಾಸು ಬೇಯಿಸಿದೆ. ಆರಿದ ಮೇಲೆ ಸಾಮಾನಿನ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಪಂಖ ಆರಿಸಿ, ಎರಡು ಸ್ಪಿರಿಟ್ ದೀಪ ಹೊತ್ತಿಸಿ, ಕೈಗೆ ಗವಸು, ಮುಖಕ್ಕೆ ಕೊರೊನಾ ಕಾಲದಿಂದ ಉಳಿದ ಮಾಸ್ಕು ಹಾಕಿ ಕುಳಿತೆ. ಗಿರಿಜಾಳಿಗೆ ಒಳಗೆ ಪ್ರವೇಶವಿಲ್ಲ. ಅವಳ ಸೀರೆಯ ಸೆರಗಿನಿಂದ ಗಾಳಿ ಏಳುತ್ತದೆಂದು ನನ್ನ ವಾದ. ಮೊದಲ ಸಲವಾದ್ದರಿಂದ ಮಾರ್ಗದರ್ಶನಕ್ಕೆ ಮಾಸ್ತರರು ಮಾತ್ರ ಪಕ್ಕದ ಕುರ್ಚಿಯಲ್ಲಿದ್ದರು. ನಾನು ಒಂದೊಂದೇ ಪಾಕೀಟು ಬಿಚ್ಚಿ, ಒಂದೊಂದು ಚಮಚೆ ತಾಯಿಬೀಜ ಹಾಕಿ, ಬಾಯಿ ಕಟ್ಟಿದೆ. ನಡುವೆ ಒಮ್ಮೆ ಮಾಸ್ತರರು ಕೆಮ್ಮಿದರು. ಏನೋ ಹೇಳುವವರಂತೆ ನನ್ನನ್ನು ನೋಡಿದರು. ಆಮೇಲೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕುಳಿತರು.

ಹತ್ತನೆಯ ದಿನ ಹತ್ತೂ ಪಾಕೀಟು ಹಸಿರಾದವು. ಮೂಲೆಯಲ್ಲಿ ಒಂದು ಚುಕ್ಕೆಯಾಗಿ ಶುರುವಾದದ್ದು ಎರಡೇ ದಿನದಲ್ಲಿ ಗೋಕಾಕದ ಕಡೆಯ ಮಳೆಗಾಲದ ಗುಡ್ಡದಂತಾಯಿತು. ನಾನು ಮಾಸ್ತರರಿಗೆ ಫೋನು ಮಾಡಿದೆ. ಅವರು ಬಹಳ ಮೆಲ್ಲಗೆ, “ಹವಾ ಬರೋಬರಿ ಇಲ್ರಿ ಬೀಗರ” ಎಂದರು. ಅವರ ಬಾಟಲಿಗಳು ಹೇಗಿವೆ ಎಂದು ಕೇಳಬಾರದೆಂದುಕೊಂಡೇ ಕೇಳಿದೆ. “ಶಿವನ ದಯಾ, ಎಲ್ಲಾ ಬೆಳ್ಳಗಾಗ್ಯಾವ್ರಿ” ಎಂದರು. ಹತ್ತು ಹನ್ನೆರಡು ಕಿಲೋಮೀಟರು ಆಚೆ ಹವಾ ಬರೋಬರಿ ಇತ್ತು ಅನ್ನಿ.

ಎರಡನೆಯ ಬಾಟಲಿ ಕೇಳಲು ಸತ್ತೂರಿಗೆ ಹೋದಾಗ ನನಗೆ ಆದ ಸಂಕಟ ಶತ್ರುವಿಗೂ ಬೇಡ. ಚಹಾ ಕುಡಿದೆ, ಮೊಮ್ಮಗಳನ್ನು ಆಡಿಸಿದೆ, ಮಳೆ ಬೆಳೆ ಮಾತಾಡಿದೆ, ಎದ್ದು ಚಪ್ಪಲಿ ಮೆಟ್ಟಿಕೊಂಡ ಮೇಲೆ, ಆಗಷ್ಟೇ ನೆನಪಾದವನಂತೆ ಬಾಟಲಿ ಕೇಳಿದೆ. ಮಾಸ್ತರರು ಅದನ್ನು ಮೊದಲೇ ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ನಾನು ಕೆಡಿಸಿಯೇ ಕೆಡಿಸುತ್ತೇನೆಂದು ಅವರಿಗೆ ಎಷ್ಟು ಭರವಸೆ! ಬರುವಾಗ ಮಗಳು ಬಾಗಿಲವರೆಗೆ ಬಂದು, “ಅಪ್ಪಾಜಿ, ಮಾವನವರ ಕಡೆಯಿಂದ ಮಾಡಿಸಿ ಕೊಟ್ಟುಬಿಡ್ರಲಾ, ಯಾಕ ಜೀವಕ್ಕ ತ್ರಾಸ?” ಎಂದಳು. ಹೆತ್ತ ಮಗಳು ಕೂಡ ಬಿಳಿಯ ಪಕ್ಷಕ್ಕೆ ಸೇರಿದ್ದಳು. ಎರಡನೆಯ ಸಲ ನಾನು ಕೋಣೆಯನ್ನು ಡೆಟಾಲಿನಿಂದ ಒರೆಸಿದೆ, ಜೋಳವನ್ನು ಮೂರು ತಾಸು ಬೇಯಿಸಿದೆ, ಸ್ನಾನ ಮಾಡಿ ಒದ್ದೆ ಮೈಯಲ್ಲೇ ಒಳಹೊಕ್ಕೆ. ಒಂಬತ್ತನೆಯ ದಿನಕ್ಕೇ ಹಸಿರಾಯಿತು. ಮಾಸ್ತರರ ಉತ್ತರವೂ ಅದೇ, ಹವಾ ಬರೋಬರಿ ಇಲ್ಲ. ಗಿರಿಜಾಳ ಪ್ರಕಾರ ನಾನು ಆ ದಿನಗಳಲ್ಲಿ ಕೊತ್ತಂಬರಿ ಸೊಪ್ಪು ಕಂಡರೂ ಸಿಡುಕುತ್ತಿದ್ದೆನಂತೆ. ಒಂದು ದಿನ ದೇವರ ಮುಂದೆ ನಿಂತು, ನನ್ನದು ಬೆಳ್ಳಗಾಗದಿದ್ದರೂ ಹೋಗಲಿ, ಅವರದ್ದೊಂದು ಬಾಟಲಿಯಾದರೂ ಹಸಿರಾಗಲಿ ಎಂದು ಬೇಡಿಕೊಂಡದ್ದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ದಸರೆಗೆ ಇನ್ನು ಇಪ್ಪತ್ತೇ ದಿನ ಉಳಿದಾಗ ಗಂಗವ್ವ ತಾನೇ ವಿದ್ಯಾನಗರಕ್ಕೆ ಬಂದಿಳಿದಳು. ಕೈಯಲ್ಲಿ ಒಂದು ಚೀಲ ಹಸಿ ಶೇಂಗಾ, ಮುಖದಲ್ಲಿ ಅನುಮಾನ. “ಅಣ್ಣಾರ, ಹುಲ್ಲ ಕತ್ತರಿಸಿ ಇಟ್ಟೇವಿ. ಇನ್ನ ಬೀಜ ಬರಲಿಲ್ಲಂದ್ರ ಹೆಣ್ಣಮಕ್ಕಳು ಸಂಘದಾಗ ನನ್ನ ಮಾತ ಕೇಳೂದಿಲ್ಲ. ಎಲ್ಲಾರ ಮುಂದ ನಿಮ್ಮ ಹೆಸರ ಹೇಳೇನಿ. ಹೆಂಗ ಮಾಡ್ತೀರಿ, ನಾನೂ ನೋಡ್ತೇನಿ” ಎಂದು ಸಾಮಾನಿನ ಕೋಣೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು. ನಾನು ಪ್ರದರ್ಶನಕ್ಕೆ ನಿಂತ ಪೈಲ್ವಾನನಂತೆ ಗವಸು ಏರಿಸಿದೆ, ಮಾಸ್ಕು ಕಟ್ಟಿದೆ, ದೀಪ ಹೊತ್ತಿಸಿದೆ. ಬೇಯಿಸಿ ಆರಿಸಿಟ್ಟಿದ್ದ ಹೊಸ ಪಾಕೀಟುಗಳಲ್ಲಿ ಮೊದಲನೆಯದನ್ನು ಬಿಚ್ಚಿದೆ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗಂಗವ್ವ, “ಅಣ್ಣಾರ!” ಎಂದು ಕೂಗಿದಳು. ನಾನು ಬೆಚ್ಚಿಬಿದ್ದೆ.

“ಊದಿದ್ರಲ್ಲರೀ!”

“ಯಾರು ಊದಿದ್ರು?”

“ನೀವ್ರಿ! ಒಂದು ಹಿಡಿ ಅಂಗೈಗೆ ಸುರುವಿಕೊಂಡ್ರಿ, ಮುಖದ ಅರಬಿ ಕೆಳಗ ಎಳದ್ರಿ, ಉಫ್ ಅಂತ ಊದಿ, ಒಂದ ಕಾಳ ಬಾಯಾಗ ಹಾಕ್ಕೊಂಡು, ಉಳದದ್ದನ್ನ ಹೊಳ್ಳಿ ಪಾಕೀಟಿನಾಗ ಹಾಕಿದ್ರಿ. ಅಗದೀ ನಿಮ್ಮ ಅಪ್ಪಾರಗತೆ!”

ನಾನು ಖಂಡಿತ ಇಲ್ಲವೆಂದು ವಾದಿಸಲು ಬಾಯಿ ತೆರೆದೆ. ಹಲ್ಲಿನ ಸಂದಿಯಲ್ಲಿ ಬೆಂದ ಜೋಳದ ಕಾಳೊಂದು ಸಿಕ್ಕಿಕೊಂಡಿತ್ತು. ಮಾಸ್ಕು ಗದ್ದದ ಕೆಳಗೆ ಜೋತಾಡುತ್ತಿತ್ತು. ಆರು ದಶಕಗಳ ಅಭ್ಯಾಸ ನನಗೆ ಸುಳಿವೇ ಕೊಡದೆ ಕೆಲಸ ಮಾಡಿತ್ತು. ಡೆಟಾಲು, ದೀಪ, ಒದ್ದೆ ಮೈ, ಎಲ್ಲ ಮುಗಿದ ಮೇಲೆ ಪ್ರತಿ ಪಾಕೀಟಿನೊಳಕ್ಕೆ ನಾನೇ ನನ್ನ ಬಾಯಾರೆ ಬೂಷ್ಟು ಊದಿ ಕಳಿಸುತ್ತಿದ್ದೆ. ಕೋಣೆಯ ಹೊರಗಿನಿಂದ ಗಿರಿಜಾಳ ನಗು ಕೇಳಿಸಿತು. ಬಾಗಿಲಿಗೆ ಕಿವಿ ಹಚ್ಚಿದ್ದಳೆಂದು ಕಾಣುತ್ತದೆ. “ನನ್ನ ಸೆರಗಿನ ಗಾಳಿಗೆ ಹೆದರಿದವ್ರು ನೋಡವ್ವ ಗಂಗವ್ವ” ಎಂದಳು. ಗಂಗವ್ವ ಒಂದು ಕ್ಷಣ ಯೋಚಿಸಿ, “ಮೊದಲ ದಿವಸ ಮಾಸ್ತರು ಇಲ್ಲೇ ಕುಂತಿದ್ರಂತಲ್ರಿ. ಅವ್ರಿಗೂ ಕಾಣಲಿಲ್ಲೇನ್ರಿ?” ಎಂದು ಕೇಳಿದಳು. ಆಗ ನನಗೆ ಆ ಕೆಮ್ಮು ನೆನಪಾಯಿತು, ಕ್ಯಾಲೆಂಡರ್ ನೆನಪಾಯಿತು. ಗವಸು ಕಳಚಿ ಅಲ್ಲಿಂದಲೇ ಫೋನು ಮಾಡಿದೆ.

ಮಾಸ್ತರರು ಫೋನಿನಲ್ಲೂ ಒಮ್ಮೆ ಕೆಮ್ಮಿದರು. ಆಮೇಲೆ, “ನೋಡಿದ್ದೆ ಬೀಗರ. ಸುಳ್ಳು ಯಾಕ ಹೇಳ್ಲಿ? ಆದ್ರ ಹೆಂಗ ಹೇಳೂದು ಹೇಳ್ರಿ. ನೀವು ಹೆಣ್ಣು ಕೊಟ್ಟವ್ರು. ನಾನು ನಿಮ್ಮ ಮನ್ಯಾಗ ಕುಂತು ನಿಮ್ಮ ತಪ್ಪು ತಗದ್ರ, ಗಂಡಿನ ಕಡೆಯವ್ರು ಅಂತ ಸೊಕ್ಕು ತೋರಿಸಿದಂಗ ಆಗತಿತ್ತು. ಬೀಗಸ್ತನದಾಗ ಮರ್ಯಾದಿ ದೊಡ್ಡದ್ರಿ” ಎಂದರು. ಎರಡು ತಿಂಗಳು, ಎರಡು ಬಾಟಲಿ, ಇಪ್ಪತ್ತು ಪಾಕೀಟು, ಜೊತೆಗೆ ಒಬ್ಬ ಮನುಷ್ಯನ ನೆಮ್ಮದಿ, ಎಲ್ಲವೂ ಮರ್ಯಾದೆಗೆ ಹೋದವು. ಆದರೂ ಅವರ ಧ್ವನಿಯಲ್ಲಿ ಎಷ್ಟು ಸಂಕೋಚವಿತ್ತೆಂದರೆ, ನನ್ನ ಕಣ್ಣು ಹನಿಗೂಡಿತು. ಎಂಥ ದೊಡ್ಡ ಮನುಷ್ಯರು, ಇಂಥವರ ಮೇಲೆ ಕಿಚ್ಚುಪಟ್ಟೆನಲ್ಲ ಎಂದು ನನ್ನನ್ನು ನಾನೇ ಬಯ್ದುಕೊಂಡೆ. ಗಿರಿಜಾ ಮಾತ್ರ, “ಮರ್ಯಾದಿ ಅಂತ!” ಎಂದು ಒಂದು ಥರ ನಕ್ಕು ಒಳಗೆ ಹೋದಳು. ಆ ನಗುವಿನ ಅರ್ಥ ನನಗೆ ಅವತ್ತು ಆಗಲಿಲ್ಲ.

ಉಪಾಯ ಹೇಳಿದವಳು ಗಂಗವ್ವನೇ. “ಬಾಯಿ ತುಂಬ ನೀರ ಹಿಡ್ಕೋರಿ ಅಣ್ಣಾರ. ಅಂದ್ರ ಹೆಂಗ ಊದ್ತೀರಿ ನೋಡೂನು.” ಮರುದಿನ ಹೊಸ ಜೋಳ ಬೇಯಿಸಿ, ಬಾಯಿ ತುಂಬ ನೀರು ಹಿಡಿದು, ಎರಡನೆಯ ಬಾಟಲಿಯಲ್ಲಿ ಉಳಿದಿದ್ದ ತಾಯಿಬೀಜವನ್ನು ಹತ್ತು ಪಾಕೀಟಿಗೂ ಹಾಕಿದೆ. ಎರಡು ಸಲ ಕೈ ತಾನಾಗಿ ಅಂಗೈಗೆ ಜೋಳ ಸುರಿಯಲು ಹೋಯಿತು, ಎರಡು ಸಲವೂ ಕೆನ್ನೆ ಉಬ್ಬಿ ಎಚ್ಚರವಾಯಿತು. ಗಿರಿಜಾ ಈ ಸಲ ಕೋಣೆಯೊಳಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ನಾನು ಉತ್ತರ ಕೊಡಲಾರದ ಆ ಅರ್ಧ ತಾಸಿನಲ್ಲಿ, ಮದುವೆಯಾದಾಗಿನಿಂದ ಹೇಳದೆ ಉಳಿದಿದ್ದ ಎಷ್ಟೋ ಮಾತುಗಳನ್ನು ಸಾವಕಾಶವಾಗಿ ಹೇಳಿ ಮುಗಿಸಿದಳು. ಹದಿನೈದನೆಯ ದಿನಕ್ಕೆ ಹತ್ತೂ ಪಾಕೀಟು ಅರಳೆಯಂತೆ ಬೆಳ್ಳಗಾದವು. ನಾನು ಮುಟ್ಟಿ ಮುಟ್ಟಿ ನೋಡಿದೆ. ಎದುರು ಮನೆಯವರನ್ನು ಕರೆದು ತೋರಿಸಿದೆ. ದಸರೆಯ ಬನ್ನಿ ಹಂಚುವುದಕ್ಕೆ ಒಂದು ದಿನ ಮೊದಲು ಅವುಗಳನ್ನು ಶಿರಗುಪ್ಪಿಗೆ ಒಯ್ದಾಗ, ಗಂಗವ್ವ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಸಂಘದವರ ಮುಂದೆ, “ಇವ್ರ ಅಪ್ಪಾರ ಕಡೆಯಿಂದ ನಮ್ಮ ಹಿರಿಯಾರು ಕಾಳ ತರ್ತಿದ್ರು. ಈಗ ನಾವು ಇವ್ರ ಕಡೆಯಿಂದ ತಂದೇವಿ” ಎಂದಳು. ಆ ಮಾತಿಗೆ ನಾನು ಅತ್ತುಬಿಟ್ಟೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಸುದ್ದಿ ತಿಳಿಸಲು ಸತ್ತೂರಿಗೆ ಹೋದೆ. ಮಾಸ್ತರರು “ಛಲೋ ಆತು ಬಿಡ್ರಿ” ಎಂದರು. ಅದು ನಾನು ಅವರ ಬಾಟಲಿ ನೋಡಿ ಹೇಳಿದ್ದ ‘ಭಾಳ ಛಲೋ ಆಗ್ಯಾವ್ರಿ’ ಎಂಬ ಮಾತಿನ ಖಾಸಾ ತಮ್ಮನಂತಿತ್ತು. ಅವರು ಅವತ್ತು ಹೊಸ ಬಾಟಲಿಗಳಿಗೆ ಬೀಜ ಹಾಕುತ್ತಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತೆ. ಮಾತಿಗೆ ಮಾತು ಬಂದು, “ಈ ಸಲದ ಜೋಳ ಹೆಂಗ ಐತ್ರಿ ಬೀಗರ?” ಎಂದು ಕೇಳಿದೆ. ಈ ಪ್ರಶ್ನೆಯನ್ನು ಬೇಕೆಂದೇ ಕೇಳಿದೆನೇ ಎಂದು ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ. ಮಾಸ್ತರರು ಮಾಸ್ಕು ಕೆಳಗೆಳೆದರು. ಬಾಟಲಿಯಿಂದ ಒಂದಿಷ್ಟು ಜೋಳವನ್ನು ಅಂಗೈ ಮೇಲೆ ಹರವಿದರು. ನಾನು ಕಲಿಸಿದ ಹಾಗೆಯೇ, ವಹಿಯಲ್ಲಿ ಬರೆದುಕೊಂಡ ಹಾಗೆಯೇ, ಅಚ್ಚುಕಟ್ಟಾಗಿ ‘ಉಫ್’ ಎಂದು ಊದಿದರು, ಒಂದು ಕಾಳು ಕಡಿದರು, “ಏಕ್ ನಂಬರ್ ಐತ್ರಿ” ಎಂದು ಉಳಿದದ್ದನ್ನು ಬಾಟಲಿಗೆ ಮರಳಿ ಸುರಿದರು. ಅವರಿಗೆ ಗೊತ್ತೇ ಆಗಲಿಲ್ಲ. ಎರಡು ತಿಂಗಳು ನನ್ನ ಜೊತೆ ಪೇಟೆ ತಿರುಗಿ ಅವರ ಕೈಗೂ ಅದು ಅಂಟಿಕೊಂಡಿತ್ತು. ನನಗೆ ಒಮ್ಮೆ ಕೆಮ್ಮು ಬಂತು. ಹೇಳಲು ಬಾಯಿ ತೆರೆದೆ. ಅವರ ಮನೆಯ ಗೋಡೆಯ ಮೇಲೂ ಒಂದು ಕ್ಯಾಲೆಂಡರ್ ಇತ್ತು.

ಹತ್ತನೆಯ ದಿನ ಬೆಳಿಗ್ಗೆ ಅವರ ಫೋನು ಬಂತು. “ಬೀಗರ, ಈ ಸಲ ನನ್ನವೆಲ್ಲಾ ಹಸರಾಗ್ಯಾವ ನೋಡ್ರಿ. ಯಾಕಂತ ತಿಳೀವಲ್ದು.” ಧ್ವನಿ ಬಹಳ ಸಣ್ಣದಾಗಿತ್ತು. ಅವರು ಎರಡು ತಿಂಗಳು ಸುಮ್ಮನಿದ್ದದ್ದು ಮರ್ಯಾದೆಗೆ ಎಂದು ನಾನು ಪೂರ್ತಿ ನಂಬಿದ್ದೆ. ಈಗ ನಾನೂ ಮರ್ಯಾದೆಗೇ ಸುಮ್ಮನಿರುವುದು, ಅದರಲ್ಲಿ ಅನುಮಾನ ಬೇಡ. ಹೆಣ್ಣು ಕೊಟ್ಟವನು ಗಂಡಿನ ಕಡೆಯವರ ತಪ್ಪು ಎತ್ತಿ ಆಡಿದರೆ ಹೇಗೆ? ಬಹಳ ಮೆಲ್ಲಗೆ, “ಹವಾ ಬರೋಬರಿ ಇಲ್ರಿ ಬೀಗರ” ಎಂದೆ. ಫೋನು ಕೆಳಗಿಟ್ಟು ತಿರುಗಿದರೆ, ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವತ್ತಿನ ಅದೇ ನಗು ನಗುತ್ತ, “ಏನಂತರಿ ಬೀಗರು? ಯಾಕ ಹಸರಾದ್ವಂತ?” ಎಂದಳು. ಮೇಜಿನ ಮೇಲೆ ತಂಬಿಗೆಯಿತ್ತು. ನಾನು ಬಾಯಿ ತುಂಬ ನೀರು ಹಿಡಿದೆ.